ನಾಯಿಯ ಬುದ್ಧಿ ನೋಡಿದ ಮಾವನವರು

ಸಿಟ್ಟು ಬಂದಾಗ ಎಲ್ಲರ ಮೂಗು ಕೆಂಪಾಗುತ್ತದೆ. ನಮ್ಮ ಮಾವನವರ ಮೂಗಿನ ತುದಿ ಬೆಳ್ಳಗಾಗುತ್ತಿತ್ತು. ಎರೆಹೊಲದ ಮಣ್ಣಿನಂಥ ಕಪ್ಪು ಮುಖ, ದಪ್ಪ ಹುಬ್ಬು, ಕಿವಿಯಲ್ಲಿ ಬಂಗಾರದ ಮುರುವು. ಇವುಗಳ ನಡುವೆ ಮೂಗಿನ ತುದಿಯಲ್ಲಿ ಜೋಳದ ಕಾಳಿನಷ್ಟು ಜಾಗ ಸುಣ್ಣ ಮುಟ್ಟಿಸಿದ ಹಾಗೆ ಬಿಳಿಚಿಕೊಳ್ಳುತ್ತಿತ್ತು. ಅವರು ಹೊರಗಿನಿಂದ ಬಂದರೆಂದರೆ ಮನೆಯ ಹೆಂಗಸರು ಮೊದಲು ನೋಡುತ್ತಿದ್ದುದು ಆ ಜಾಗವನ್ನೇ. ಅದು ಕಪ್ಪಗಿದ್ದರೆ ನೀರು ಕೊಟ್ಟು ಎದುರಿಗೆ ನಿಲ್ಲುವುದು, ಬೆಳ್ಳಗಿದ್ದರೆ ತಂಬಿಗೆ ಇಟ್ಟು ಒಳಗೆ ಸರಿಯುವುದು.

ಅವರು ತೀರಿಕೊಂಡು ಎಷ್ಟೋ ಮಳೆಗಾಲ ಕಳೆದವು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಹಿರಿಯರು ಹೇಳುತ್ತಾರೆ. ನನಗೆ ಇನ್ನೂ ಸಿಟ್ಟಿದೆ. ಅವರಿಂದ ನಾನು ಪಡೆದದ್ದೂ ಉಂಟು, ಅದನ್ನೂ ಬರೆಯುತ್ತೇನೆ. ಆದರೆ ಸಿಟ್ಟನ್ನು ಮುಚ್ಚಿಟ್ಟು ಬರೆದರೆ ನಾನು ಬರೆಯುವುದು ಇನ್ಯಾರನ್ನೋ ಆಗುತ್ತದೆ, ಅವರನ್ನಲ್ಲ.

ಮುಶಿಗೇರಿಯಲ್ಲಿ ಅವರದು ಅಜ್ಜ ಮುತ್ತಜ್ಜರ ಕಾಲದ ಒಕ್ಕಲುತನ. ಊರಲ್ಲಿ ಜಗಳ ಬಿದ್ದರೆ ನ್ಯಾಯ ಅವರ ಕಟ್ಟೆಗೇ ಬರುತ್ತಿತ್ತು. ಯಾವುದನ್ನೂ ಪರೀಕ್ಷೆ ಮಾಡದೆ ಒಪ್ಪುವ ಜೀವ ಅದಲ್ಲ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬಡಿದು ನೋಡುವುದು ಎಲ್ಲರೂ ಮಾಡುವುದೇ. ಇವರು ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಸೀರೆ ಕೊಳ್ಳುವಾಗ ಸೆರಗಿನ ತುದಿಯನ್ನು ಬಾಯಲ್ಲಿ ಚೀಪಿ, ಬಣ್ಣ ಬಿಡುತ್ತದೆಯೇ ಎಂದು ನೋಡುತ್ತಿದ್ದರು. ಎತ್ತು ಕೊಳ್ಳುವಾಗ ಅದರ ಹಿಂದೆ ಹೋಗಿ ತಾಮ್ರದ ತಂಬಿಗೆ ಬೀಳಿಸಿ, ಅದು ಬೆದರಿ ಓಡುತ್ತದೆಯೋ ತಿರುಗಿ ನೋಡುತ್ತದೆಯೋ ಎಂದು ನೋಡುತ್ತಿದ್ದರು. "ನೋಡೂಣು ತಡಿ" ಎನ್ನುವುದು ಅವರ ಬಾಯಲ್ಲಿ ಸದಾ ಇದ್ದ ಮಾತು. ಮಳೆ ಬರಬಹುದು ಎಂದರೂ ಅದೇ, ಹೊಟ್ಟೆನೋವು ಎಂದರೂ ಅದೇ.

ನನ್ನನ್ನೂ ಅವರು ಹಾಗೆಯೇ ನೋಡಿದರು. ನನ್ನ ತವರು ನರಗುಂದ. ನಮ್ಮಪ್ಪ ಅಲ್ಲಿ ಹತ್ತಿಯ ವ್ಯಾಪಾರಿ. ಕನ್ಯೆ ನೋಡಲು ಬಂದವರು ಹೆಸರು ಕೇಳುತ್ತಾರೆ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳುತ್ತಾರೆ. ಇವರು ಹೆಗಲ ಚೀಲದಿಂದ ಸಿಕ್ಕುಬಿದ್ದ ನೂಲಿನ ಲಡಿಯೊಂದನ್ನು ತೆಗೆದು ನನ್ನ ಮುಂದೆ ಹಾಕಿ, ಬಿಡಿಸು ಎಂದರು. ನಾನು ಎಳೆಯಲಿಲ್ಲ. ಕೊನೆ ಸಿಗುವ ತನಕ ತಿರುಗಿಸಿ ತಿರುಗಿಸಿ ನೋಡಿ ಆಮೇಲೆ ಬಿಡಿಸಿದೆ. ಲಡಿ ಸಡಿಲವಾದಾಗ ಅವರು ನನ್ನ ಮುಖ ನೋಡಲಿಲ್ಲ. ನೂಲನ್ನು ನೋಡಿ ನಮ್ಮಪ್ಪನಿಗೆ "ಬುದ್ಧಿ ಐತಿ" ಎಂದರು. ಅಲ್ಲಿಗೆ ಮದುವೆ ಗಟ್ಟಿಯಾಯಿತು. ನಮ್ಮವ್ವನಿಗೆ ಹಿಗ್ಗೋ ಹಿಗ್ಗು. ನನಗೆ ಮಾತ್ರ ಕಿವಿ ಸುಡುತ್ತಿತ್ತು. ಹಲ್ಲು ತೋರಿಸಿ ಬೆನ್ನು ತಟ್ಟಿಸಿಕೊಂಡ ಎತ್ತಿನ ಹಾಗೆ ಕೂತಿದ್ದೆ.

ಬುದ್ಧಿವಂತ ಸೊಸೆಯನ್ನೇ ಅವರು ಹುಡುಕಿದ್ದು ಏಕೆಂದು ಮುಶಿಗೇರಿಗೆ ಬಂದ ಮೇಲೆ ತಿಳಿಯಿತು. ತಮಗಿದ್ದ ಒಬ್ಬನೇ ಮಗನನ್ನು ಅವರು ದಡ್ಡನೆಂದು ತೀರ್ಮಾನಿಸಿಬಿಟ್ಟಿದ್ದರು. ನನ್ನ ಗಂಡನ ಮಾತು ನಿಧಾನ. ಏನಾದರೂ ಕೇಳಿದರೆ, ಎತ್ತು ನೀರು ಕುಡಿದು ತಲೆಯೆತ್ತುವಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಉತ್ತರ ಕೊಡುತ್ತಿದ್ದರು. ಕೊಟ್ಟ ಉತ್ತರ ಸರಿಯಾಗಿಯೇ ಇರುತ್ತಿತ್ತು. ಆದರೆ ಅಷ್ಟು ಹೊತ್ತು ಕಾಯುವ ತಾಳ್ಮೆ ಅವರ ತಂದೆಗೆ ಇರಲಿಲ್ಲ. ಹೋಗಲಿ ಬಿಡು, ನಿನಗೆ ತಿಳಿಯುವುದಿಲ್ಲ ಎಂದು ತಾವೇ ಉತ್ತರ ಹೇಳಿ ಮುಗಿಸುತ್ತಿದ್ದರು. ಹೀಗೆ ಮಾಡಿ ಮಾಡಿ ನನ್ನ ಗಂಡ ಮನೆಯಲ್ಲಿ ಮಾತಾಡುವುದನ್ನೇ ಕಡಿಮೆ ಮಾಡಿದ್ದರು. ದನದ ಮನೆಯಲ್ಲಿ ಎತ್ತುಗಳ ಜೊತೆ ಮಾತ್ರ ಅವರ ಮಾತು ಸರಾಗವಾಗಿ ಹರಿಯುತ್ತಿತ್ತು.

ಇನ್ನೊಂದು ಸಂಗತಿ ಬರೆಯದಿದ್ದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ನನಗೆ ಅಕ್ಷರ ಕಲಿಸಿದವರು ನಮ್ಮ ಮಾವನವರೇ. ಮದುವೆಯಾದ ವರ್ಷವೇ ಪಡಸಾಲೆಯಲ್ಲಿ ಉಸುಕು ಹರವಿ, ಅದರ ಮೇಲೆ ತಾವು ಬರೆದು ತೋರಿಸಿ, ನನ್ನಿಂದ ತಿದ್ದಿಸಿದರು. ಊರ ಹಿರಿಯರು ಬಂದು, ಸೊಸೆಗೆ ಓದು ಕಲಿಸಿದ ಮನೆ ಉದ್ಧಾರವಾಗುವುದಿಲ್ಲ ಎಂದು ಬುದ್ಧಿ ಹೇಳಿದಾಗ ಅವರ ಮೂಗು ಬೆಳ್ಳಗಾಯಿತು. "ಹೊಲ ಚಲೋ ಇದ್ದಲ್ಲಿ ಬಿತ್ತಬೇಕು. ಅದು ಯಾರ ಹೊಲ ಅಂತ ಕೇಳಬಾರದು" ಎಂದು ಅವರನ್ನು ಬಂದ ದಾರಿಗೆ ಕಳಿಸಿದರು. ನಮ್ಮ ಸೀಮೆಯಲ್ಲಿ ಆ ಕಾಲಕ್ಕೆ ಇನ್ನಾವ ಮಾವ ಆ ಮಾತು ಆಡುತ್ತಿದ್ದನೋ ನಾನರಿಯೆ. ಆ ಋಣ ನನ್ನ ಮೇಲಿದೆ. ಋಣವಿರುವುದರಿಂದಲೇ ಸಿಟ್ಟು ತೀರುವುದಿಲ್ಲ. ಬರೀ ಕೆಟ್ಟವರಾಗಿದ್ದರೆ ಅವರನ್ನು ಎಂದೋ ಮರೆತುಬಿಡುತ್ತಿದ್ದೆ.

ನಾಯಿ ಬಂದದ್ದು ಅದರ ಮರುವರ್ಷ. ಲಕ್ಕಲಕಟ್ಟಿಯಲ್ಲಿ ಕುರಿ ಕಾಯುವವನೊಬ್ಬನ ಹಟ್ಟಿಯಿಂದ ಮರಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ತಂದರು. ಬೂದಿ ಬಣ್ಣ, ನೀಳ ಮೂತಿ, ಬೆನ್ನಿಗೆ ಹತ್ತಿದ ಹೊಟ್ಟೆ. ಎಲ್ಲ ಮರಿಗಳ ಮುಂದೆ ಕೋಲು ಬಡಿದಾಗ ಉಳಿದವು ತಾಯಿಯ ಹೊಟ್ಟೆ ಸೇರಿದವಂತೆ, ಇದೊಂದು ಕೋಲನ್ನು ಮೂಸಲು ಬಂತಂತೆ. ಮೋತ್ಯಾ ಎಂದು ಹೆಸರಿಟ್ಟರು. ಅವತ್ತಿನಿಂದ ನಮ್ಮ ಅಂಗಳ ಪರೀಕ್ಷೆಯ ಕಣವಾಯಿತು.

ಮರಿಯ ತಲೆಯ ಮೇಲೆ ಕಂಬಳಿ ಎಸೆದು, ಅದು ಎಷ್ಟು ಬೇಗ ಹೊರಗೆ ಬರುತ್ತದೆ ಎಂದು ನೋಡುವುದು. ರೊಟ್ಟಿಯ ಚೂರಿನ ಮೇಲೆ ಬುಟ್ಟಿ ಕವುಚಿ, ಅದು ಕೆರೆಯುತ್ತದೆಯೋ ಮೂತಿಯಿಂದ ಎತ್ತುತ್ತದೆಯೋ ಎಂದು ನೋಡುವುದು. ಇದನ್ನೆಲ್ಲ ನೋಡಲು ಕಟ್ಟೆಯ ಮೇಲೆ ಊರ ಗಂಡಸರು ಕೂಡುತ್ತಿದ್ದರು. ಒಂದು ದಿನ ಮೋತ್ಯಾ ಎಂದು ಕರೆಯುವ ದನಿಯಲ್ಲೇ ಮಾವನವರು "ಬದನಿಕಾಯಿ" ಎಂದು ಕರೆದರು. ಮರಿ ಬಾಲ ಆಡಿಸುತ್ತ ಓಡಿ ಬಂತು. ಕಟ್ಟೆಯ ಮೇಲಿದ್ದವರು ನಕ್ಕರು. ಮಾವನವರ ಮೂಗು ಬೆಳ್ಳಗಾಯಿತು. ಮಾತು ತಿಳಿಯದ ನಾಯಿಗೆ ರೊಟ್ಟಿ ಇಲ್ಲ ಎಂದು ಅಪ್ಪಣೆಯಾಯಿತು. ಅಂದು ಸಂಜೆ ನನ್ನ ಗಂಡ ತಮ್ಮ ಪಾಲಿನ ರೊಟ್ಟಿಯನ್ನು ಹಿತ್ತಲಿಗೆ ಒಯ್ದು ಅದಕ್ಕೆ ತಿನ್ನಿಸುತ್ತ, ಬದನಿಕಾಯಿ ಬದನಿಕಾಯಿ ಎಂದು ಮೆಲ್ಲಗೆ ಕರೆದು ಒಬ್ಬರೇ ನಗುತ್ತಿದ್ದುದನ್ನು ನಾನು ಕಂಡೆ. ಅವರಿಬ್ಬರ ನಡುವೆ ಅದೇ ಹೆಸರು ಉಳಿಯಿತು.

ದನಿಗೆ ಮೋಸಹೋದ ನಾಯಿಯನ್ನು ಮಾವನವರು ಹಾಗೇ ಬಿಡಲಿಲ್ಲ. ಮಾತನ್ನೇ ಗುರುತಿಸಬೇಕು ಎಂದು ಹಟ ಹಿಡಿದು ತಿಂಗಳುಗಟ್ಟಲೆ ಕಲಿಸಿದರು. ತಮ್ಮ ಮೈಯ ವಾಸನೆ ಇರುವ ವಸ್ತುವನ್ನು, ಹಳೆಯ ರುಮಾಲಿನ ತುಂಡು, ಚಪ್ಪಲಿ, ಎಲೆ ಅಡಿಕೆಯ ಚಂಚಿ, ಹೀಗೆ ಏನಾದರೊಂದನ್ನು ಅಂಗಳದಲ್ಲೋ ಬಣವೆಯ ಬುಡದಲ್ಲೋ ಹುಗಿದು, "ಹುಡುಕು" ಎನ್ನುತ್ತಿದ್ದರು. ಗದರಿಸಿ ಅಂದರೂ, ಪಿಸುಗುಟ್ಟಿ ಅಂದರೂ, ಬೇರೆಯವರು ಅಂದರೂ ನಾಯಿ ಆ ಮಾತನ್ನು ತಿಳಿಯಬೇಕು. ತಿಳಿಯಿತು. ಹುಗಿದದ್ದನ್ನು ಕೆದರಿ ತೆಗೆದು, ಅದರ ಪಕ್ಕದಲ್ಲಿ ಕೂತು, ಬೆಣ್ಣೆ ಸವರಿದ ರೊಟ್ಟಿಗಾಗಿ ಅವರ ಕಡೆ ನೋಡುತ್ತಿತ್ತು. ಗಜೇಂದ್ರಗಡದ ಪೇಟೆಯಿಂದ ಸೆಟ್ಟರು ಬಂದು ನೋಡಿಹೋದರು. ಅಂಥ ಬುದ್ಧಿಯ ನಾಯಿ ಸುತ್ತ ಹತ್ತೂರಲ್ಲಿ ಇಲ್ಲ ಎಂದರು.

ಅಡುಗೆಮನೆಯ ಬಾಗಿಲಿನಿಂದ ದಿನವೂ ನೋಡುತ್ತಿದ್ದ ನನಗೆ ಒಂದು ಸಂಗತಿ ಕಂಡಿತ್ತು. ಹುಡುಕು ಎಂದ ಕೂಡಲೇ ನಾಯಿ ನೆಲ ಮೂಸುತ್ತಿರಲಿಲ್ಲ, ಮೊದಲು ಮಾವನವರ ಮುಖ ನೋಡುತ್ತಿತ್ತು. ಹುಗಿದ ಜಾಗದ ಕಡೆ ನೋಡಬಾರದು ಎಂದು ಅವರು ಎಷ್ಟೇ ಬಿಗಿ ಹಿಡಿದರೂ ಕಣ್ಣು ಒಮ್ಮೆ ಅತ್ತ ಹೋಗಿ ಬರುತ್ತಿತ್ತು. ನಾಯಿಗೆ ಅಷ್ಟು ಸಾಕು. ಅಕ್ಷರ ತಿದ್ದುವಾಗ ಒಮ್ಮೆ ಇದನ್ನು ಅವರಿಗೇ ಹೇಳಿದೆ. ಅವರಿಗೆ ಸೇರಲಿಲ್ಲ. ಅದು ಮೂಗಿನ ಕೆಲಸ, ಕಣ್ಣಿನದಲ್ಲ ಎಂದು ಉಸುಕನ್ನು ಅಳಿಸಿ, ಮುಂದಿನದು ಬರೆ ಎಂದರು.

ಒಂದು ಸಲ ಶಿರೋಳದಿಂದ ನೆಂಟರು ಬಂದಿದ್ದರು. ಊಟವಾದ ಮೇಲೆ ಮಾವನವರು ಚಂಚಿಯನ್ನು ಹುಗಿದು ಬಂದು, ನಾಯಿಗಿಂತ ಮೊದಲು ಮಗ ಹುಡುಕಲಿ ಎಂದರು. ಮಂದಿಯ ಮುಂದೆ ನನ್ನ ಗಂಡ ಎದ್ದರು. ಅಂಗಳ ಸುತ್ತಿದರು, ಬಣವೆಗೆ ಕೈ ಹಾಕಿದರು, ತಿರುಗಿ ಬಂದು ಸಿಗಲಿಲ್ಲ ಎಂದರು. ಆಮೇಲೆ ನಾಯಿಯನ್ನು ಬಿಟ್ಟರು. ಅದು ನೆಟ್ಟಗೆ ಹೋಗಿ ಬೇವಿನ ಬುಡದಿಂದ ಚಂಚಿ ತಂದಿತು.

"ನೋಡ್ರಿ, ನಮ್ಮ ಮನ್ಯಾಗ ಬುದ್ಧಿ ಇದ್ದವ್ರು ಇಬ್ಬರ" ಎಂದರು ಮಾವನವರು. "ಒಂದು ಸೊಸಿ, ಒಂದು ನಾಯಿ."

ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈಗೆ ಹತ್ತಿದ ಕಣಿಕೆಯ ಹೊಟ್ಟು ಕೊಡವಿಕೊಳ್ಳುತ್ತ ನನ್ನ ಗಂಡನೂ ನಕ್ಕರು. ನಾನು ಕೈಯಲ್ಲಿದ್ದ ಕೊಡವನ್ನು ಅಡುಗೆಮನೆಯ ಕಟ್ಟೆಗೆ ಕುಕ್ಕಿದ್ದು ಹೊರಗಿನವರೆಗೆ ಕೇಳಿರಬೇಕು. ಆಮೇಲೆ ಒಬ್ಬರೇ ಸಿಕ್ಕಾಗ, ನೀವೇಕೆ ನಕ್ಕಿರಿ ಎಂದು ಗಂಡನನ್ನು ಕೇಳಿದೆ. ಅವರು ತಮ್ಮ ರೂಢಿಯಂತೆ ಸುಮ್ಮನಿದ್ದರು. ಆಮೇಲೆ, ಚಂಚಿ ಬೇವಿನ ಬುಡದಲ್ಲಿದ್ದುದು ತಮಗೆ ಗೊತ್ತಿತ್ತು, ಹಸಿ ಮಣ್ಣು ಕಂಡಿತ್ತು ಎಂದರು. ಹಾಗಾದರೆ ತೆಗೆಯಲಿಲ್ಲ ಏಕೆ?

"ನಾಯಿ ಸೋತರ ಅದಕ್ಕ ರೊಟ್ಟಿ ಸಿಗಂಗಿಲ್ಲ" ಎಂದರು.

ನಾನು ಅವತ್ತು ಮಾವನವರ ಮೇಲೆ ಎಷ್ಟು ಸಿಟ್ಟಾದೆನೋ ಗಂಡನ ಮೇಲೂ ಅಷ್ಟೇ ಸಿಟ್ಟಾದೆ.

ಸರ್ಕಾರದ ಡಂಗುರ ಕೇಳಿಬಂದದ್ದು ಇದಾದ ಸ್ವಲ್ಪ ದಿನಕ್ಕೆ. ಯಾರ ಮನೆಯಲ್ಲಿ ಕತ್ತಿ, ಬಂದೂಕು, ಭರ್ಚಿ ಇದ್ದರೂ ತಂದು ಒಪ್ಪಿಸಬೇಕು, ಇಟ್ಟುಕೊಂಡವರಿಗೆ ಶಿಕ್ಷೆ. ಮಾವನವರು ತುಕ್ಕು ಹಿಡಿದ ಎರಡು ಭರ್ಚಿಗಳನ್ನು ಒಪ್ಪಿಸಿ ಬಂದರು. ಮುತ್ತಜ್ಜನ ಕಾಲದ ಕತ್ತಿಯೊಂದು ದೇವರ ಕೋಣೆಯಲ್ಲಿತ್ತು. ಮಹಾನವಮಿಗೆ ಅದಕ್ಕೆ ಪೂಜೆ. ಅದನ್ನು ಕೊಡಲು ಅವರಿಗೆ ಮನಸ್ಸು ಬರಲಿಲ್ಲ. ಒಂದು ಮಧ್ಯಾಹ್ನ ಆಳುಗಳೆಲ್ಲ ಹೊಲಕ್ಕೆ ಹೋದಾಗ, ತಮ್ಮ ಹಳೆಯ ರುಮಾಲಿನಲ್ಲಿ ಅದನ್ನು ಸುತ್ತಿ, ದನದ ಮನೆಯಲ್ಲಿ ಎತ್ತುಗಳು ಮೇಯುವ ಗ್ವಾದಲಿಯ ಕೆಳಗೆ ಹುಗಿದರು. ಮನೆಯ ನಾಲ್ವರಿಗೆ ಬಿಟ್ಟರೆ ಬೇರಾರಿಗೂ ಗೊತ್ತಿರಲಿಲ್ಲ.

ಮುಂಗಾರು ಹಿಡಿಯುವ ಹೊತ್ತಿಗೆ ನರಗುಂದದಲ್ಲಿ ದಂಗೆಯೆದ್ದು, ಬಿಳಿಯರ ದಂಡು ಬಂದು ಕೋಟೆ ಬಿತ್ತು. ನಮ್ಮಪ್ಪ ಅಂಗಡಿಗೆ ಬೀಗ ಹಾಕಿ ಅವ್ವನನ್ನು ಕರೆದುಕೊಂಡು ರೋಣದ ನೆಂಟರ ಮನೆ ಸೇರಿದರು. ಜನರನ್ನು ಗಲ್ಲಿಗೇರಿಸಿದ ಸುದ್ದಿ ಊರಿಂದೂರಿಗೆ ಬಂತು. ಹಳ್ಳಿಹಳ್ಳಿಯಲ್ಲಿ ಮನೆ ಶೋಧಿಸತೊಡಗಿದರು. ಕತ್ತಿಯನ್ನು ಬಾವಿಗೆ ಹಾಕಿಬಿಡಿ ಎಂದು ಅತ್ತೆಯವರು ಅತ್ತು ಕೇಳಿಕೊಂಡರು. ಮಾವನವರು ಒಪ್ಪಲಿಲ್ಲ. ನಾನು, ಕತ್ತಿ ಇರಲಿ, ನಾಯಿಯನ್ನಾದರೂ ಲಕ್ಕಲಕಟ್ಟಿಗೆ ಕಳಿಸೋಣ ಎಂದೆ. ಕತ್ತಿ ಸುತ್ತಿದ್ದು ಅವರ ರುಮಾಲಿನಲ್ಲಿ ಎಂಬುದನ್ನೂ ನೆನಪಿಸಿದೆ.

"ನಾ ಇರೂತನಾ ಅದು ನನ್ನ ಕಾಲ ಬಿಟ್ಟು ಏಳಂಗಿಲ್ಲ" ಎಂದರು. "ಅದರ ಬುದ್ಧಿ ಎಷ್ಟು ಅಂತ ನನಗ ಗೊತ್ತಿಲ್ಲೇನು?"

ಶೋಧಿಸುವವರು ನಮ್ಮ ಮನೆಗೆ ಬಂದದ್ದು ಹೊತ್ತೇರಿದ ಮೇಲೆ. ಕುದುರೆಯ ಮೇಲೆ ಫೌಜದಾರ, ಹಿಂದೆ ಸಿಪಾಯಿಗಳು. ದೇವರ ಕೋಣೆ, ಅಟ್ಟ, ನೆಲದಡಿಯಲ್ಲಿ ಜೋಳ ತುಂಬಿಡುವ ಹಗೇವು ಎಲ್ಲದರೊಳಗೆ ಕಬ್ಬಿಣದ ಸಲಾಕೆ ಚುಚ್ಚಿ ನೋಡಿದರು. ದನದ ಮನೆಯನ್ನೂ ಒಮ್ಮೆ ಸುತ್ತಿ ಬಂದರು. ಏನೂ ಸಿಗಲಿಲ್ಲ. ಮಾವನವರು ಕಟ್ಟೆಯ ಮೇಲೆ ಕೂತಿದ್ದರು. ಮೋತ್ಯಾ ಅವರ ಪಾದದ ಬಳಿ ಮೂತಿ ಚಾಚಿ ಮಲಗಿತ್ತು. ನನ್ನ ಗಂಡ ಕಂಬಕ್ಕೆ ಒರಗಿ ನಿಂತಿದ್ದರು. ಫೌಜದಾರ ಕುದುರೆ ಹತ್ತಲು ಹೊರಟವನು, ಬರಿಗೈಲಿ ಹೋಗುವ ಬೇಸರದಲ್ಲೋ ಏನೋ, ಒಬ್ಬ ಸಿಪಾಯಿಗೆ ಹೇಳಿದ:

"ಇನ್ನೊಮ್ಮೆ ಹೋಗಿ ಸರಿಯಾಗಿ ಹುಡುಕು."

ನಾಯಿಯ ಕಿವಿ ನಿಂತಿತು. ಎದ್ದು ಕೂತು ಮಾವನವರ ಮುಖ ನೋಡಿತು. ನಾನು ಬಾಗಿಲಲ್ಲಿ ನಿಂತ ಜಾಗದಿಂದ ಅವರ ಮುಖ ನನಗೂ ಕಾಣುತ್ತಿತ್ತು. ಅವರು ಆಕಾಶ ನೋಡಿದರು, ಬೇವು ನೋಡಿದರು. ಆಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ದನದ ಮನೆಯ ಕಡೆ ನೋಡಿದರು. ಅಷ್ಟೇ. ನಾಯಿ ಎದ್ದು ಓಡಿತು. ಅವರು ಗದರಿಸಿ ಕರೆಯಬಹುದಿತ್ತು. ಕರೆದರೆ ಗುಟ್ಟು ಬಯಲಾಗುತ್ತದೆಂದು ಹೆದರಿ ಕೂತರು. ಗ್ವಾದಲಿಯ ಕೆಳಗೆ ಮಣ್ಣು ಕೆದರುವ ಸದ್ದು ಅಂಗಳಕ್ಕೆ ಕೇಳಿಸಿತು. ಸಿಪಾಯಿ ಹಿಂದೆಯೇ ಹೋದ. ರುಮಾಲಿನ ತುದಿ ಮೇಲೆ ಬಂದ ಕೂಡಲೇ ಮೋತ್ಯಾ ಅದರ ಪಕ್ಕದಲ್ಲಿ ಕೂತು, ರೊಟ್ಟಿ ಎಲ್ಲಿ ಎಂಬಂತೆ ಅಂಗಳದ ಕಡೆ ನೋಡುತ್ತಿತ್ತು.

ಕತ್ತಿಯನ್ನು ರುಮಾಲಿನ ಸಮೇತ ತಂದು ಕಟ್ಟೆಯ ಮೇಲೆ ಹಾಕಿದರು. ಇದನ್ನು ಹುಗಿದವರು ಯಾರು ಎಂದು ಫೌಜದಾರ ಕೇಳಿದ. ಮಾವನವರ ಮೂಗಲ್ಲ, ಇಡೀ ಮುಖ ಬಿಳಿಚಿತ್ತು. ತುಟಿ ಅಲುಗಿತು. ಬೀದಿಯಲ್ಲಿ ಊರಿಗೆ ಊರೇ ನಿಂತಿತ್ತು.

"ನಾನ್ರಿ" ಎಂದರು ನನ್ನ ಗಂಡ. "ನಾ ಹುಗದೇನ್ರಿ."

ಯಾವ ಪ್ರಶ್ನೆಗೂ ಕೂಡಲೇ ಉತ್ತರ ಕೊಡದ ಮನುಷ್ಯ ಅಂದು ಕೊಟ್ಟರು. ಫೌಜದಾರನಿಗೆ ಅನುಮಾನ ಬಂದಿರಬೇಕು. ಅವನು ಮಾವನವರ ಕಡೆ ತಿರುಗಿ, ಹೌದೇ ಎಂದು ಕೇಳಿದ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಈಗ ಹೇಳುತ್ತಾರೆ, ಈಗ ಎದ್ದು ನಿಲ್ಲುತ್ತಾರೆ ಎಂದುಕೊಂಡೆ.

"ಅಂವಗ ಮೊದಲಿಂದ್ಲೂ ಬುದ್ಧಿ ಕಮ್ಮಿ ಐತ್ರಿ, ಸಾಹೇಬ್ರ" ಎಂದರು ಮಾವನವರು.

ಆ ಮಾತು ಆಡಿದ್ದರಿಂದಲೇ ಮಗನಿಗೆ ಗಲ್ಲು ತಪ್ಪಿ ಜೈಲಾಯಿತು ಎಂದು ಆಮೇಲೆ ಕೆಲವರು ನನಗೆ ಸಮಾಧಾನ ಹೇಳಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮಗನನ್ನು ಉಳಿಸುವ ಮನಸ್ಸಿದ್ದರೆ, ಹುಗಿದವನು ನಾನು ಎನ್ನುವ ಮಾತು ಅವರ ನಾಲಿಗೆಯ ಮೇಲೇ ಇತ್ತು. ಹತ್ತಿರದ ಆ ಮಾತನ್ನು ಬಿಟ್ಟು ದೂರದ ಇನ್ನೊಂದನ್ನು ಹುಡುಕಿ ತಂದರು. ಮಗನನ್ನು ಕೊಟ್ಟದ್ದೂ ಅಲ್ಲದೆ, ಅವನ ಮೇಲೆ ದಡ್ಡನೆಂಬ ಮುದ್ರೆಯನ್ನೂ ಒತ್ತಿ ಕೊಟ್ಟರು.

ಕೈಗೆ ಹಗ್ಗ ಕಟ್ಟಿ ನನ್ನ ಗಂಡನನ್ನು ರೋಣದ ದಾರಿಗೆ ನಡೆಸಿಕೊಂಡು ಹೋದರು. ಕುದುರೆಯ ಧೂಳು ಇನ್ನೂ ಇಳಿದಿರಲಿಲ್ಲ, ಮಾವನವರು ಒಳಗಿನಿಂದ ದಪ್ಪ ಬಡಿಗೆ ತಂದರು. ಮನೆಮುರುಕ ನಾಯಿ ಎಂದು ಬೈಯುತ್ತ ದನದ ಮನೆಗೆ ನುಗ್ಗಿದರು. ಮೋತ್ಯಾ ತಾನು ಕೆದರಿದ ಕುಣಿಯ ಪಕ್ಕದಲ್ಲೇ ಕೂತಿತ್ತು. ಅವರನ್ನು ಕಂಡು ಬಾಲ ಆಡಿಸಿತು. ನಾನು ಓಡಿಹೋಗಿ ಇಬ್ಬರ ನಡುವೆ ನಿಂತೆ. ತಲೆಯ ಮೇಲಿನ ಸೆರಗು ಜಾರಿದ್ದು ನನಗೆ ನೆನಪಿದೆ, ಅದನ್ನು ಎಳೆದುಕೊಳ್ಳಲಿಲ್ಲ.

"ಬಾಜೂಕ ಸರಿ" ಎಂದರು ಮಾವನವರು.

"ಹೊಡೀರಿ, ಮೊದಲ ನನಗ ಹೊಡೀರಿ" ಎಂದೆ. "ನೀವು ಕಲಿಸಿದ್ದನ್ನ ಅದು ಮಾಡೇತಿ. ನೀವು ಎತ್ತ ನೋಡಿದ್ರಿ ಅತ್ತ ಅದು ಹೋತು. ಇಷ್ಟು ದಿನ ಅದರ ಬುದ್ಧಿ ನೋಡಿದ್ರಿ ಮಾವಾರ, ಇವತ್ತ ಅದು ನಿಮ್ಮದ ನೋಡ್ತು. ನಿಮ್ಮ ಮಗಗ ಬುದ್ಧಿ ಕಮ್ಮಿ ಅಂದ್ರಿ. ನೀವು ನಿಲ್ಲೂ ಜಾಗಾದಾಗ ಅವ್ರು ಹೋಗಿ ನಿಂತಾರ."

ಅತ್ತೆಯವರು ನನ್ನ ಹಿಂದೆ ಬಂದು ನಿಂತಿದ್ದರು. ನನ್ನ ಭುಜ ಹಿಡಿದುಕೊಂಡಿದ್ದರು. ಮಾವನವರ ಕೈಯಿಂದ ಬಡಿಗೆ ಬಿತ್ತು. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದಿನಿಂದ ನಾನು ಅವರೊಡನೆ ಮಾತು ಬಿಟ್ಟೆ. ಹೊತ್ತು ಹೊತ್ತಿಗೆ ಊಟ ಇಟ್ಟೆ, ನೀರು ಇಟ್ಟೆ, ಕಾಯಿಲೆ ಬಿದ್ದಾಗ ಕಷಾಯ ಕಾಸಿ ಇಟ್ಟೆ. ಮಾತು ಇಡಲಿಲ್ಲ. ಪಡಸಾಲೆಯಲ್ಲಿ ಉಸುಕು ಹರವುವುದೂ ನಿಂತಿತು. ಅಷ್ಟರಲ್ಲಿ ನನಗೆ ಓದಲು ಬರೆಯಲು ಬರುತ್ತಿತ್ತು.

ಅವರು ಮತ್ತೆ ಆ ನಾಯಿಯ ಬುದ್ಧಿ ನೋಡಲಿಲ್ಲ. ನಾಯಿಗೆ ಅದು ಹೇಗೆ ತಿಳಿಯಬೇಕು? ಯಾರೂ ಹೇಳದೆ ಅವರ ಚಪ್ಪಲಿಯನ್ನು ತಾನೇ ಒಯ್ದು ಎಲ್ಲೋ ಹುಗಿದು, ತಾನೇ ಕೆದರಿ ತೆಗೆದು, ತಂದು ಅವರ ಕಾಲ ಬಳಿ ಇಟ್ಟು ಕಾಯುತ್ತಿತ್ತು. ಅವರು ಮುಖ ತಿರುಗಿಸುತ್ತಿದ್ದರು. ರೊಟ್ಟಿಯನ್ನು ನಾನು ಹಾಕುತ್ತಿದ್ದೆ.

ಧಾರವಾಡದ ಜೈಲಿನಿಂದ ನನ್ನ ಗಂಡ ಬಿಡುಗಡೆಯಾಗಿ ಬಂದದ್ದು ಎರಡು ಮಳೆಗಾಲ ಕಳೆದ ಮೇಲೆ. ಬೇಡಿ ಹಾಕಿದ ಎಡಗಾಲು ಎಳೆದು ನಡೆಯುತ್ತಿದ್ದರು. ತಲೆ ಬೋಳಾಗಿತ್ತು, ಬೆನ್ನಿನ ಮೇಲೆ ಬಾಸುಂಡೆಯ ಗುರುತುಗಳಿದ್ದವು. ಊರ ಅಗಸೆ ಬಾಗಿಲಲ್ಲಿ ಅವರನ್ನು ಕಂಡು ಮೋತ್ಯಾ ಹಲ್ಲು ಕಿರಿದು ಬೊಗಳಿತು. ಗುರುತೇ ಹತ್ತಲಿಲ್ಲ. ಅವರು ಅಲ್ಲೇ ನಿಂತು ನಕ್ಕು, ಬದನಿಕಾಯಿ ಎಂದು ಮೆಲ್ಲಗೆ ಕರೆದರು. ನಾಯಿ ಬೊಗಳುವುದನ್ನು ನಿಲ್ಲಿಸಿತು. ಹೊಟ್ಟೆ ನೆಲಕ್ಕೆ ಹಚ್ಚಿ ತೆವಳುತ್ತ ಹೋಗಿ ಅವರ ಕುಂಟುಗಾಲನ್ನು ನೆಕ್ಕಿತು. ಅವರು ಮನೆಗೆ ಬರುತ್ತಲೇ ಮಾವನವರು ಕಟ್ಟೆಯಿಂದ ಎದ್ದು ಹೊಲದ ದಾರಿ ಹಿಡಿದರು. ಮಗ ಊಟ ಮಾಡಿದನೇ ಎಂದು ಸಹ ಕೇಳಲಿಲ್ಲ.

ಅಲ್ಲಿಂದ ಮುಂದೆ ನನ್ನ ಗಂಡ ಊರಿನವರ ಪಾಲಿಗೆ ಕತ್ತಿ ಹುಗಿದ ಹುಚ್ಚನಾದರು. ಊರ ಮಾತುಕತೆಗೆ ಕರೆಯುತ್ತಿರಲಿಲ್ಲ, ಕರೆದರೂ ಮಾತು ಕೇಳುತ್ತಿರಲಿಲ್ಲ. ಸಣ್ಣ ಮಕ್ಕಳೂ ಹಿಂದಿನಿಂದ ಕೂಗುತ್ತಿದ್ದರು. ನಿಜ ಹೇಳಿಬಿಡಿ ಎಂದು ನಾನು ಎಷ್ಟೋ ಸಲ ಜಗಳ ತೆಗೆದೆ. ಅಪ್ಪ ಇರುವ ತನಕ ಬೇಡ ಎಂದರು. ನನ್ನಿಂದಲೂ ಮಾತು ತೆಗೆದುಕೊಂಡರು. ಕೊಟ್ಟ ಮಾತು ಉಳಿಸಲು ನಾನು ಹಲ್ಲು ಕಚ್ಚಿಕೊಂಡು ವರ್ಷಗಳನ್ನು ಕಳೆದೆ. ಮೋತ್ಯಾ ಮುದಿಯಾಗಿ ಸತ್ತಿತು. ಅತ್ತೆಯವರು ಹೋದರು. ಮಾವನವರು ಮಾತ್ರ ಗಟ್ಟಿಯಾಗಿ ಕಟ್ಟೆಯ ಮೇಲೆ ಕೂತು ಊರ ನ್ಯಾಯ ಹೇಳುತ್ತಿದ್ದರು.

ಕೊನೆಗೆ ಒಂದು ಚಳಿಗಾಲದಲ್ಲಿ ಹಾಸಿಗೆ ಹಿಡಿದರು. ಒಂದು ಬೆಳಗ್ಗೆ ಗಂಜಿ ಇಟ್ಟು ಏಳುವಾಗ ನನ್ನನ್ನು ನಿಲ್ಲಿಸಿ, ಅವತ್ತು ತಾವು ಎತ್ತ ನೋಡಿದ್ದು ಎಂದು ಕೇಳಿದರು. ಯಾವತ್ತು ಎಂದು ನಾನು ಕೇಳಬೇಕಾಗಿರಲಿಲ್ಲ.

"ಗ್ವಾದಲಿ ಕಡೆ" ಎಂದೆ. ಅಷ್ಟು ವರ್ಷಗಳಲ್ಲಿ ಅವರಿಗೆ ನಾನಾಡಿದ ಮೊದಲ ಮಾತು ಅದು.

"ನೀ ಹೇಳಿದ್ದಿ. ನಾ ಕೇಳಲಿಲ್ಲ" ಎಂದರು.

ಅವರು ತಪ್ಪು ಒಪ್ಪಿಕೊಂಡದ್ದು ಅಷ್ಟು. ನಾಯಿಯ ಲೆಕ್ಕದಲ್ಲಿ ಒಪ್ಪಿಕೊಂಡರು, ಮಗನ ಲೆಕ್ಕದಲ್ಲಿ ಇಲ್ಲ. ಮಗನನ್ನು ಕರೆಯಲೇ ಎಂದು ಕೇಳಿದೆ. ಗೋಡೆಯ ಕಡೆ ಹೊರಳಿದರು. ಆದರೂ ಕರೆದೆ. ನನ್ನ ಗಂಡ ಬಂದು ಕೂತು ಕಾಲು ಒತ್ತಿದರು. ಆ ವಾರದಲ್ಲೇ ಜೀವ ಹೋಯಿತು. ಮಗನ ಕೈಯ ನೀರು ಕುಡಿದರು, ಮುಖ ನೋಡಲಿಲ್ಲ.

ಅವರ ದಿನಕರ್ಮದ ಊಟಕ್ಕೆ ಊರೆಲ್ಲ ಬಂದಿತ್ತು. ಕಡೆಯ ಪಂಕ್ತಿಯಲ್ಲಿ ಊರ ಹಿರಿಯರು, ಅವರ ಜೊತೆ ನನ್ನ ಗಂಡ. ಬಡಿಸುತ್ತಿದ್ದವಳು ನಾನು. ಹಿರಿಯರು ಸತ್ತವರನ್ನು ಹೊಗಳುತ್ತಿದ್ದರು. ಎಂಥ ತಲೆ, ಎಂಥ ಪರೀಕ್ಷೆ, ನಾಯಿಗೆ ಸಹ ಮಾತು ಕಲಿಸಿದ ಮನುಷ್ಯ ಎನ್ನುತ್ತಿದ್ದರು. ಅವರಲ್ಲೊಬ್ಬರು ನಿಟ್ಟುಸಿರು ಬಿಟ್ಟು, ಮಗನೊಬ್ಬ ಆ ಬುದ್ಧಿ ಪಡೆಯಲಿಲ್ಲ ಎಂದರು. ನನ್ನ ಗಂಡ ಪತ್ರಾವಳಿ ನೋಡುತ್ತ ಕೂತಿದ್ದರು.

ಹುಗ್ಗಿಯ ಪಾತ್ರೆಯನ್ನು ನಾನು ನೆಲಕ್ಕೆ ಇಟ್ಟೆ. ಕತ್ತಿ ಹುಗಿದವರು ಯಾರು, ನಾಯಿ ಯಾರ ಮುಖ ನೋಡಿತು, ಯಾರ ಬದಲು ಯಾರು ಜೈಲಿಗೆ ಹೋದರು, ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿದಾಗ ಅವರೆಲ್ಲ ಬೆಚ್ಚಿಬೀಳುತ್ತಾರೆ, ತಲೆ ತಗ್ಗಿಸುತ್ತಾರೆ ಎಂದುಕೊಂಡಿದ್ದೆ. ಪಂಕ್ತಿಯ ಹಿರಿಯಜ್ಜ ನೀರು ಕುಡಿದು ತಂಬಿಗೆ ಕೆಳಗಿಟ್ಟರು.

"ಅದು ಅವತ್ತ ಊರಿಗೆಲ್ಲಾ ಗೊತ್ತಿತ್ತವ್ವಾ" ಎಂದರು. "ರುಮಾಲು ಯಾರದು ಅಂತ ಎಲ್ಲಾರೂ ನೋಡಿದ್ವಿ. ದೊಡ್ಡ ಮನಷ್ಯಾರ ಮರ್ಯಾದಿ ಅಂತ ಸುಮ್ನಿದ್ವಿ."

ನನಗೆ ಆಗ ಬಂದ ಸಿಟ್ಟಿನ ಮುಂದೆ ಮಾವನವರ ಮೇಲಿನ ಸಿಟ್ಟು ಏನೂ ಅಲ್ಲ. ಗೊತ್ತಿದ್ದೂ ನಕ್ಕರು. ಗೊತ್ತಿದ್ದೂ ಮಕ್ಕಳಿಗೆ ಕೂಗಲು ಕಲಿಸಿದರು. ನನ್ನ ಗಂಡನ ಮರ್ಯಾದೆ ಯಾರ ಕೈಯಲ್ಲಿತ್ತು ಎಂದು ಕೇಳಿದೆ. ನನ್ನ ಗಂಡ ತಮ್ಮ ಪತ್ರಾವಳಿಯನ್ನು ಮುಂದಕ್ಕೆ ಸರಿಸಿದರು.

"ಹುಗ್ಗಿ ಆರಾಕತ್ತೈತಿ, ನೀಡು" ಎಂದರು.

ನಾನು ಪಾತ್ರೆ ಎತ್ತಿಕೊಂಡೆ. ಹಿರಿಯಜ್ಜನ ಮುಂದೆ ನಿಲ್ಲಲಿಲ್ಲ, ಅವರ ಪಕ್ಕದವರ ಮುಂದೆಯೂ ನಿಲ್ಲಲಿಲ್ಲ. ಪಂಕ್ತಿಯ ಕೊನೆಗೆ ನಡೆದು ಗಂಡನ ಪತ್ರಾವಳಿ ತುಂಬ ಬಡಿಸಿ, ಮೇಲೆ ತುಪ್ಪ ಹಾಕಿ, ಪಾತ್ರೆಯನ್ನು ಒಳಗೆ ಒಯ್ದು ಮುಚ್ಚಿಟ್ಟೆ. ಅಂದು ಆ ಪಂಕ್ತಿಯಲ್ಲಿ ಹುಗ್ಗಿ ಉಂಡವರು ನನ್ನ ಗಂಡ ಒಬ್ಬರೇ.